ಕೈ ಹಿಂದೆ, ಇಪ್ಪತ್ತರವರೆಗೆ

ಆಸ್ಪತ್ರೆ, ಎರಡನೇ ಮಹಡಿ, ತಾಯಂದಿರ ಕೋಣೆ
ಗುರುವಾರ, ಹದಿನಾಲ್ಕನೇ ತಾರೀಕು, ಬೆಳಗ್ಗೆ ಹತ್ತೂವರೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ದೊಡ್ಡಪ್ಪನ ಮನೆಯ ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ, ನಿಧಾನಕ್ಕೆ ಇಳಿ. ಫೋನಿನಲ್ಲೇ ಕೇಳೋಣವೆಂದರೆ ನೀನು ಸಿಗುವುದಿಲ್ಲ. ಯಾವಾಗ ಮಾಡಿದರೂ ದೊಡ್ಡಪ್ಪ ಎತ್ತಿಕೊಂಡು "ಅವನು ಸ್ನಾನಕ್ಕೆ ಹೋಗಿದಾನಮ್ಮ" ಅನ್ನುತ್ತಾರೆ. ಬೆಳಗ್ಗೆ ಏಳಕ್ಕೂ ಸ್ನಾನ, ಮಧ್ಯಾಹ್ನ ಮೂರಕ್ಕೂ ಸ್ನಾನ, ಸಂಜೆ ಊಟದ ಹೊತ್ತಿಗೂ ಸ್ನಾನ. ಐದು ವಾರದಿಂದ ಹೀಗೆ ತೊಳೆದುಕೊಳ್ಳುತ್ತಿದ್ದರೆ ಮೈಮೇಲೆ ಚರ್ಮ ಉಳಿದಿದೆಯೋ ಇಲ್ಲವೋ! ಪಾಪ, ದೊಡ್ಡಪ್ಪನಿಗೆ ಬೇರೆ ಸುಳ್ಳು ಹೊಳೆಯುವುದಿಲ್ಲ. ಅವರು ಹಾಗೆ ಹೇಳುವಾಗ ಹಿಂದಿನಿಂದ ನಿನ್ನ ಕೆಮ್ಮು ನನಗೆ ಕೇಳಿಸುತ್ತದೆ. ಒಣಗಿದ ಕೆಮ್ಮು, ನೀರು ಬಿದ್ದ ಸದ್ದೇ ಇಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ಕಾಗದ ಬಂದಾಗ ಸ್ನಾನಕ್ಕೆ ಹೋಗಿದ್ದೇನೆ ಎನ್ನಲಾಗುವುದಿಲ್ಲ, ಅದು ಹೊರಗೆ ಮೇಜಿನ ಮೇಲೆ ಕೂತು ಕಾಯುತ್ತದೆ.

ನೀನು ಕಾಫಿ ಬಿಟ್ಟಿದ್ದೀಯಂತೆ. ದೊಡ್ಡಮ್ಮ ಹೇಳಿದರು. ನಲವತ್ತು ವರ್ಷ ಕಾಫಿ ಹುರಿದು, ಪುಡಿ ಮಾಡಿ, ಊರಿಗೆಲ್ಲ ಕುಡಿಸಿದ ಮನುಷ್ಯ ಈಗ ಬೆಳಗ್ಗೆ ಎದ್ದು ಬಿಸಿನೀರು ಕುಡಿದು ಗೋಡೆ ನೋಡುತ್ತಾ ಕೂರುತ್ತಾನಂತೆ. ಮೊದಲ ವಾರ ತಲೆ ಸಿಡಿದುಹೋಗುತ್ತದೆಂದು ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೆಯಂತೆ. ಆ ತಲೆನೋವು ಯಾಕೆ ಬಂತೆಂದು ನಾನು ಹೇಳಬಲ್ಲೆ ಅಪ್ಪ, ಈ ಐದು ವಾರದಲ್ಲಿ ನಿನ್ನ ಮಗಳು ಆ ವಿಷಯದಲ್ಲಿ ಪಂಡಿತೆಯಾಗಿಬಿಟ್ಟಿದ್ದಾಳೆ. ಆದರೆ ಅದಕ್ಕೆ ಮೊದಲು ಸುದ್ದಿ. ಕೇಳು: ನಿನ್ನ ಮೊಮ್ಮಗಳು ಹುಟ್ಟಿದ ಎರಡನೇ ದಿನವೇ ಕಾಫಿ ಶುರುಮಾಡಿದಳು, ಇಪ್ಪತ್ತೈದನೇ ದಿನಕ್ಕೆ ಬಿಟ್ಟೂಬಿಟ್ಟಳು. ನಿನಗಿಂತ ಜೋರು. ತಲೆನೋವೂ ಇಲ್ಲ, ಒದ್ದೆ ಬಟ್ಟೆಯೂ ಇಲ್ಲ!

ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳಬೇಡ. ನೀನು ಅವಳನ್ನು ಗಾಜಿನಾಚೆಯಿಂದ ಒಂದೇ ಒಂದು ಸಲ ನೋಡಿ ಹೊರಟುಹೋದ ದಿನ ಸಂಜೆ ಅವಳ ಉಸಿರು ನಿಂತಿತು. ಸುಮ್ಮನೆ ನಿಂತಿತು ಅಪ್ಪ. ಒದ್ದಾಟವಿಲ್ಲ, ಸದ್ದಿಲ್ಲ. ಆ ಅಂಗೈಯಗಲದ ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಇಳಿದದ್ದು ಏಳಲಿಲ್ಲ. ಮಾನಿಟರ್ ಕೂಗಿಕೊಂಡಿತು, ತುಟಿ ನೀಲಿಯಾಯಿತು, ನರ್ಸ್ ಬಂದು ಅಂಗಾಲನ್ನು ಬೆರಳಿನಿಂದ ಉಜ್ಜಿದರು, ಮತ್ತೆ ಉಸಿರು ಬಂತು. ಅರ್ಧ ಗಂಟೆಗೆ ಇನ್ನೊಮ್ಮೆ. ಡಾಕ್ಟರಮ್ಮ ಹೇಳಿದ್ದು, ಎರಡೂವರೆ ತಿಂಗಳು ಮುಂಚೆ ಹುಟ್ಟಿದ ಕೂಸಿಗೆ ಎದೆಗೂಡಿನಲ್ಲಿ ಬಲವಿದ್ದರೂ ಉಸಿರಾಡು ಎಂದು ಹೇಳುವ ಮಿದುಳಿನ ಬುಡ ಇನ್ನೂ ಬಲಿತಿರುವುದಿಲ್ಲ, ಆಗಾಗ ಮರೆತುಬಿಡುತ್ತದೆ. "ಕೆಫೀನ್ ಶುರು ಮಾಡ್ತೀವಿ" ಅಂದರು. ನಾನು ಬಾಯಿ ಬಿಟ್ಟುಕೊಂಡು "ಕಾಫಿನಾ?" ಅಂದೆ. "ಕಾಫಿ ಅಲ್ಲಮ್ಮ, ಕಾಫಿ ಒಳಗಿರೋದು. ಇಂಥ ಮಕ್ಕಳಿಗೆ ನಾವು ಕೊಡೋ ಒಳ್ಳೇ ಔಷಧಿಗಳಲ್ಲಿ ಇದೊಂದು" ಅಂದರು. ಪಕ್ಕದಲ್ಲಿದ್ದ ನನ್ನ ಅತ್ತೆ ನಮ್ಮ ಮನೆಯವರ ಕಡೆ ತಿರುಗಿ "ಹಾಲು ಚೀಪೋಕೇ ಬರದ ಕೂಸಿಗೆ ಕಾಫಿ ಕೊಡ್ತಾರಂತಲ್ಲೋ! ಸಕ್ಕರೆ ಹಾಕ್ತಾರೋ ಇಲ್ವೋ ಕೇಳು" ಅಂದರು. ಇವರು ನಿಜವಾಗಿಯೂ ಕೇಳಿದರು. ಅಪ್ಪ, ಅಷ್ಟು ಹೆದರಿಕೆಯ ನಡುವೆ ನಾನು ನಕ್ಕೆ, ನಕ್ಕಿದ್ದಕ್ಕೆ ಹೆರಿಗೆಯ ಹೊಲಿಗೆ ಎಳೆದು ಅತ್ತುಬಿಟ್ಟೆ.

ಆಮೇಲೆ ನಿಜವಾಗಿ ಅಳು ಬಂತು. ಯಾಕೆಂದು ನಿನಗೆ ಗೊತ್ತು. ಹೆರಿಗೆ ಕೋಣೆಯ ಬಾಗಿಲಿನಲ್ಲಿ, ಗಾಲಿಮಂಚದ ಮೇಲೆ ಮಲಗಿ, ನಿನ್ನ ಕೈ ಹಿಡಿದುಕೊಂಡೇ ನಾನು ಆ ಮಾತು ಆಡಿದೆನಲ್ಲ: "ದಿನಾ ಬೆಳಗ್ಗೆ ಕಾಫಿ ಕೊಟ್ಟೆಯಲ್ಲ ಅಪ್ಪ, ಬೇಡ ಅಂದ್ರೂ ಒಂದು ಗುಟುಕು ಅಂತ ಕೊಟ್ಟೆಯಲ್ಲ, ಅದಕ್ಕೇ ಹೀಗಾಯ್ತು." ನಿನ್ನ ಕೈ ಸಡಿಲವಾಯಿತು. ಮಾರನೇ ದಿನ ಅಂಗಡಿಯ ಬಾಗಿಲೆಳೆದು, ಸದ್ಯಕ್ಕೆ ಮುಚ್ಚಿದೆ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿ, ದೊಡ್ಡಪ್ಪನ ಮನೆಗೆ ಹೊರಟುಹೋದೆ. ನೋವಿನಲ್ಲಿ ಆಡಿದ ಮಾತು ಎಂದು ಹೇಳಿ ಜಾರಿಕೊಳ್ಳಬಹುದು. ಜಾರಿಕೊಳ್ಳುವುದಿಲ್ಲ. ಯಾರನ್ನಾದರೂ ಬೈಯಬೇಕಿತ್ತು, ಬೈದರೂ ಬಿಟ್ಟುಹೋಗದವನು ನೀನೊಬ್ಬನೇ ಎಂದುಕೊಂಡಿದ್ದೆ. ಡಾಕ್ಟರಮ್ಮನನ್ನು ಕೇಳಿದೆ, ನಾಚಿಕೆ ಬಿಟ್ಟು, ಎಲ್ಲರೆದುರಿಗೆ. "ದಿನಕ್ಕೆ ಅರ್ಧ ಲೋಟ ಕಾಫಿಯಿಂದ ನೀರು ಒಡೆಯಲ್ಲಮ್ಮ. ಎಷ್ಟೋ ಸಲ ಯಾಕೆ ಒಡೀತು ಅಂತ ನಮಗೇ ಗೊತ್ತಾಗಲ್ಲ. ಯಾರ ಮೇಲೂ ಹಾಕಬೇಡಿ, ನಿಮ್ಮ ಮೇಲೂ ಹಾಕ್ಕೋಬೇಡಿ" ಅಂದರು. ಅದನ್ನು ಅವತ್ತೇ ನಿನಗೆ ಹೇಳಬೇಕೆಂದು ಫೋನ್ ಮಾಡಿದೆ. ನೀನು ಸ್ನಾನದಲ್ಲಿದ್ದೆ. ತಪ್ಪಾಯಿತು ಅಪ್ಪ. ಇದನ್ನು ಬರೆದು ಮುಗಿಸಿದ ಮೇಲೆ ಪೆನ್ನು ಹಗುರವಾದ ಹಾಗಿದೆ.

ಈಗ ಪಾಠ. ನಗಬೇಡ, ನೀನು ದುಡಿದು ಓದಿಸಿದ್ದು ಇದನ್ನೇ. ಮೂರು ವರ್ಷ ನಾನು ಶಾಲೆಯ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ನರಕೋಶದ ಚಿತ್ರ ಬರೆದು ಪಾಠ ಹೇಳಿದೆ. ಐದು ಅಂಕದ ಪ್ರಶ್ನೆ, ಅಷ್ಟೇ. ಅದು ಒಂದು ದಿನ ಗಾಜಿನ ಪೆಟ್ಟಿಗೆಯೊಳಗೆ ಮಲಗಿ ನನ್ನ ಜೀವ ಹಿಂಡುತ್ತದೆಂದು ಯಾರಿಗೆ ಗೊತ್ತಿತ್ತು? ನಮ್ಮ ಅಂಗಡಿಯನ್ನೇ ಎಣಿಸಿಕೋ. ಒಂದು ನರದ ತುದಿ ಎಂದರೆ ಒಂದು ಅಂಗಡಿ. ಒಳಗೆ ಗೋಡೆಗೆ ಒತ್ತಿಕೊಂಡು ಸಾಲಾಗಿ ಪುಟ್ಟ ಪುಟ್ಟ ಚೀಲಗಳು, ಪ್ರತಿ ಚೀಲದ ತುಂಬ ಸಂದೇಶದ ರಾಸಾಯನಿಕ. ಹೊರಗೆ ಬೀದಿಯಲ್ಲಿ ಕ್ಯಾಲ್ಸಿಯಂ ಕಣಗಳ ಗುಂಪು, ಬೆಳಗ್ಗೆ ನೀನು ಬಾಗಿಲೆತ್ತುವ ಮುಂಚೆ ಗಿರಾಕಿಗಳು ನಿಂತಿರುತ್ತಿದ್ದರಲ್ಲ, ಹಾಗೆ. ನರದೊಳಗೆ ವಿದ್ಯುತ್ತಿನ ಮಿಂಚು ಬಂದ ಕೂಡಲೇ ಬಾಗಿಲು ತೆರೆಯುತ್ತದೆ, ಗುಂಪು ಒಳನುಗ್ಗುತ್ತದೆ, ಆ ನೂಕಾಟಕ್ಕೇ ಚೀಲಗಳು ಗೋಡೆಗೆ ಅಂಟಿ ಬಾಯಿ ಬಿಟ್ಟು ಸರಕನ್ನೆಲ್ಲ ಹೊರಗೆ ಸುರಿಯುತ್ತವೆ. ಕೂದಲೆಳೆಗಿಂತ ಎಷ್ಟೋ ಸಣ್ಣ ಓಣಿಯಾಚೆ ಇನ್ನೊಂದು ನರ ಅದನ್ನು ಹಿಡಿದುಕೊಳ್ಳುತ್ತದೆ. ಹೊರಗಿನವರು ಒಳಗೆ ಬಾರದೆ ಒಳಗಿನದು ಹೊರಗೆ ಬೀಳುವುದಿಲ್ಲ. ಉಸಿರಾಡು ಎಂಬ ಮಾತು ಮಿದುಳಿನ ಬುಡದಿಂದ ಎದೆ ಹೊಟ್ಟೆಗಳ ನಡುವಿನ ಪರದೆಯವರೆಗೆ ಹೀಗೆ ಅಂಗಡಿಯಿಂದ ಅಂಗಡಿಗೆ ದಾಟಿಕೊಂಡು ಹೋಗುತ್ತದೆ.

ಇದರ ನಡುವೆ ಒಬ್ಬ ಇದ್ದಾನೆ, ಅಡಿನೋಸಿನ್ ಎಂದು. ಜೀವಕೋಶ ದುಡಿದಷ್ಟೂ ಅದರ ಇಂಧನ ಒಡೆದು ಉಳಿಯುವ ಚೂರು ಅವನು. ಹೊರಗೆ ಸೇರಿಕೊಳ್ಳುತ್ತಾನೆ, ಅಂಗಡಿ ಮುಂದಿನ ಬೆಂಚಿನ ಮೇಲೆ ಬಂದು ಕೂರುತ್ತಾನೆ, ಕೂತು "ಸಾಕು, ಬಾಗಿಲು ಇಳಿಸಿ" ಅನ್ನುತ್ತಾನೆ. ಬಾಗಿಲು ಅರ್ಧ ಇಳಿಯುತ್ತದೆ, ಕ್ಯಾಲ್ಸಿಯಂ ಕಡಿಮೆ ನುಗ್ಗುತ್ತದೆ, ಚೀಲ ಸುರಿಯುವುದೂ ಕಡಿಮೆ. ದೊಡ್ಡವರಿಗೆ ಅದೇ ನಿದ್ದೆ. ನಮ್ಮ ಕೂಸಿನಂಥವರಿಗೆ ಅದೇ ಮರೆವು, ಉಸಿರಿನ ಮರೆವು. ಕೆಫೀನ್ ಮಾಡುವುದೇನು ಗೊತ್ತೇ? ಅವನ ಹಾಗೇ ಕಾಣುವ ಇನ್ನೊಬ್ಬ ಅದೇ ಬೆಂಚಿನ ಮೇಲೆ ಬಂದು ಕೂತುಬಿಡುವುದು, ಕೂತು ತುಟಿ ಪಿಟಕ್ಕೆನ್ನದಿರುವುದು! ನಮ್ಮ ಅಂಗಡಿಯ ರಿಟೈರ್ಡ್ ಪೋಸ್ಟ್‌ಮಾಸ್ಟರ್ ನೆನಪಿದ್ದಾರಲ್ಲ, ಒಂದು ಲೋಟಕ್ಕೆ ಮೂರು ಗಂಟೆ ಬೆಂಚು ಹಿಡಿದು ಪೇಪರ್ ಓದುತ್ತಿದ್ದವರು. ಅವರು ಕೂತಿದ್ದರೆ ಇನ್ನೊಬ್ಬರಿಗೆ ಜಾಗವೇ ಇಲ್ಲ. ಥೇಟ್ ಅವರೇ. ನಲವತ್ತು ವರ್ಷ ನೀನು ಕಾಫಿ ಕುಡಿದು ಕುಡಿದು, ನಿನ್ನ ತಲೆ ಇಂಥ ಪೋಸ್ಟ್‌ಮಾಸ್ಟರ್‌ಗಳ ಕಾಟಕ್ಕೆ ಇನ್ನಷ್ಟು ಬೆಂಚು ಹಾಕಿಸಿಕೊಂಡಿತ್ತು. ಪೋಸ್ಟ್‌ಮಾಸ್ಟರ್ ಬರುವುದು ಒಮ್ಮೆಲೇ ನಿಂತಾಗ ಅಷ್ಟೂ ಬೆಂಚಿಗೆ ಅಡಿನೋಸಿನ್ ಬಂದು ಕೂತ. ಅದೇ ನಿನ್ನ ತಲೆನೋವು. ನಿನ್ನ ಕರ್ಮವಲ್ಲ, ನನ್ನ ಮಾತಿನ ಶಾಪವೂ ಅಲ್ಲ, ಬೆಂಚಿನ ಲೆಕ್ಕ.

ಕೆಫೀನ್ ಶುರುವಾದ ಮೇಲೆ ಉಸಿರು ನಿಲ್ಲುವುದು ದಿನದಿನಕ್ಕೂ ಕಡಿಮೆಯಾಯಿತು. ಮೂಗಿನ ನಳಿಕೆ ತೆಗೆದರು. ಗಾಜಿನ ಪೆಟ್ಟಿಗೆಯಿಂದ ತೊಟ್ಟಿಲಿಗೆ ಬಂದಳು. ತೂಕ ಒಂದೂ ಕಾಲು ಕಿಲೋ ಇದ್ದದ್ದು ಎರಡಕ್ಕೆ ಹತ್ತಿರ ಬಂದಿದೆ. ಅವಳನ್ನು ಇಲ್ಲಿ ಎಲ್ಲರೂ ಪೀಬೆರಿ ಅನ್ನುತ್ತಾರೆ, ನಾನೇ ಹಚ್ಚಿದ್ದು. ಒಂದು ಹಣ್ಣಿನಲ್ಲಿ ಎರಡು ಚಪ್ಪಟೆ ಬೀಜ ಇರಬೇಕಾದಲ್ಲಿ ಒಂದೇ ಒಂದು ಉರುಟು ಬೀಜ ಸಿಗುತ್ತದಲ್ಲ, ನೀನು ಆರಿಸಿ ಬೇರೆ ಡಬ್ಬಿಯಲ್ಲಿ ಇಡುತ್ತಿದ್ದೆಯಲ್ಲ, ಅದೇ. ಅಷ್ಟೇ ಉರುಟು, ಅಷ್ಟೇ ಗಟ್ಟಿ, ನೆತ್ತಿಯ ಮೇಲೆ ಅದೇ ಗೆರೆ.

ಇಪ್ಪತ್ತೈದನೇ ದಿನ ಔಷಧಿ ನಿಲ್ಲಿಸಿದರು. ಇನ್ನು ಮೇಲೆ ನಿಯಮ ಸುಲಭ: ಯಾರೂ ತಟ್ಟಿ ಎಬ್ಬಿಸದೆ ಏಳು ದಿನ ಕಳೆದರೆ ಮನೆಗೆ. ಮಧ್ಯೆ ಒಂದೇ ಒಂದು ಸಲ ತಟ್ಟಬೇಕಾಗಿ ಬಂದರೂ ಎಣಿಕೆ ಮೊದಲಿನಿಂದ. ತೊಟ್ಟಿಲ ಪಕ್ಕ ಸಣ್ಣ ಬಿಳಿ ಹಲಗೆ ತೂಗುಹಾಕಿ ಅದರ ಮೇಲೆ ಸೊನ್ನೆ ಬರೆದರು. ಮಾರನೇ ದಿನ ಒಂದು. ಆಮೇಲೆ ಎರಡು. ಮೂರನೇ ದಿನ ಬಟ್ಟೆ ಬದಲಿಸಲು ಬಗ್ಗಿದ್ದೆ, ಹೊಟ್ಟೆ ಅಲ್ಲಾಡಲಿಲ್ಲ. ಅಂಗಾಲು ಉಜ್ಜಿದೆ, ಉಸಿರು ಬಂತು. ಓಡಿಹೋಗಿ ಸಿಸ್ಟರಿಗೆ ಹೇಳಿದೆ, ನಾನೇ ಉಳಿಸಿದೆ ಎನ್ನುವ ಜಂಬದಲ್ಲಿ. ಅವರು ಹಲಗೆ ಒರೆಸಿ ಸೊನ್ನೆ ಬರೆದರು. ಮತ್ತೆ ಒಂದು, ಎರಡು, ಮೂರು. ನಾಲ್ಕನೇ ದಿನ ಮತ್ತೆ ಅದೇ, ಮತ್ತೆ ನನ್ನ ಬೆರಳು, ಮತ್ತೆ ಸೊನ್ನೆ. ಅಪ್ಪ, ಆ ಸೊನ್ನೆ ಕಾಣದಂತೆ ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದೆ. ನಿದ್ದೆ ಮೊದಲೇ ಇರಲಿಲ್ಲ, ಕೂತಲ್ಲೇ ಕಣ್ಣು ಮುಚ್ಚಿದರೂ ಅವಳ ಹೊಟ್ಟೆಯೇ ಏಳುತ್ತಿತ್ತು, ಇಳಿಯುತ್ತಿತ್ತು. ಇವಳು ಎಂದಿಗೂ ಮನೆಗೆ ಬರುವುದಿಲ್ಲ ಎಂದು ಒಂದು ಸಂಜೆ ಇವರಿಗೆ ಹೇಳಿಯೇಬಿಟ್ಟೆ. ಇವರು ಬಸ್ ಡಿಪೋದ ಮೆಕ್ಯಾನಿಕ್ ಅಲ್ಲವೇ, "ಐಡಲ್‌ನಲ್ಲಿದೆ ಬಿಡು, ಆಫ್ ಆಗಿಲ್ಲ" ಅಂದರು. ಬಾಯಿ ಹಾಗೆ ಹೇಳುತ್ತದೆ, ಮಗು ಸ್ವಲ್ಪ ಸುಮ್ಮನಾದರೆ ಮೊದಲು ನರ್ಸ್ ಕಡೆ ಓಡುವ ಕಾಲು ಇವರದ್ದೇ.

ಈಗ ಒಬ್ಬರನ್ನು ಪರಿಚಯ ಮಾಡಿಸಬೇಕು. ಹಗಲು ಪಾಳಿಯ ಹಿರಿಯ ಸಿಸ್ಟರ್. ಐವತ್ತು ದಾಟಿದವರು, ದೊಡ್ಡ ದನಿ, ಬಿಳಿ ಬೂಟು. ವಾರ್ಡಿನಲ್ಲಿ ಅವರಿಗೆ ಇಪ್ಪತ್ತು ಸಿಸ್ಟರ್ ಎಂದೇ ಹೆಸರು, ಯಾವ ತಾಯಿ ಬೊಬ್ಬೆ ಹೊಡೆದರೂ "ಇಪ್ಪತ್ತು ಎಣಿಸಿ" ಅನ್ನುವುದೇ ಅವರ ಮೊದಲ ಮಾತು. ಕಳೆದ ಶುಕ್ರವಾರ ಅವರು ರಜೆಯಿಂದ ಬಂದರು. ಹಲಗೆಯ ಮೇಲಿನ ಸೊನ್ನೆ ನೋಡಿದರು, ನನ್ನನ್ನು ನೋಡಿದರು, ಮಾನಿಟರಿನ ಗುಂಡಿ ಒತ್ತಿ ಹಿಂದಿನ ಗೆರೆಗಳನ್ನು ಪರದೆಗೆ ತಂದರು. ಅದರಲ್ಲಿ ಎಲ್ಲ ಉಳಿದಿರುತ್ತದಂತೆ. "ಬನ್ನಿ ಇಲ್ಲಿ ಟೀಚರಮ್ಮ. ಇಲ್ಲಿ ನಿಂತಿದಾಳೆ ನೋಡಿ. ಒಂದು, ಎರಡು, ಮೂರು, ನಾಲ್ಕು, ಐದು. ಗುಂಡಿಗೆ ಬಡಿತ ಬಿದ್ದಿಲ್ಲ. ಆಕ್ಸಿಜನ್ ತೊಂಬತ್ತೈದು. ಮುಖ ನೀಲಿ ಆಗಿತ್ತಾ?" ಇಲ್ಲ ಅಂದೆ. "ಆರಕ್ಕೆ ಗೆರೆ ಹೀಗೆ ಎದ್ದು ಕುಣಿದಿದೆ. ಇದು ನಿಮ್ಮ ಮಗಳ ಉಸಿರಲ್ಲ. ಇದು ನಿಮ್ಮ ಬೆರಳು." ಎರಡನೆಯದನ್ನೂ ತೋರಿಸಿದರು. ಅದರಲ್ಲಿ ನನ್ನ ಬೆರಳು ಐದಕ್ಕೇ ಬಿದ್ದಿತ್ತು. ಇಂಥ ಮಕ್ಕಳು ಐದು ಹತ್ತು ಎಣಿಸುವಷ್ಟು ಹೊತ್ತು ಉಸಿರು ನಿಲ್ಲಿಸಿ ತಾವೇ ಶುರುಮಾಡುವುದು ಸಹಜವಂತೆ. ಇಪ್ಪತ್ತು ದಾಟಿದರೆ, ಇಲ್ಲವೇ ಅದಕ್ಕೂ ಮುಂಚೆ ಬಣ್ಣ ಹೋದರೆ, ಬಡಿತ ಬಿದ್ದರೆ, ಆಗ ಮುಟ್ಟಲೇಬೇಕು. "ಅವಳಿಗೆ ತಾನಾಗೇ ಉಸಿರು ಎತ್ತೋಕೆ ಬರುತ್ತೋ ಇಲ್ವೋ ನಮಗೆ ಗೊತ್ತೇ ಆಗ್ಲಿಲ್ಲ. ನೀವು ಬಿಟ್ಟಿದ್ದರೆ ತಾನೆ?" ಅಂದರು.

ಅಂದರೆ ಅವಳನ್ನು ಇಲ್ಲಿ ಹಿಡಿದಿಟ್ಟಿದ್ದು ನಾನು! ಮನೆಗೆ ಯಾವಾಗ, ಮನೆಗೆ ಯಾವಾಗ ಎಂದು ಎಲ್ಲರ ಪ್ರಾಣ ತಿನ್ನುತ್ತಿದ್ದವಳೇ ಬಾಗಿಲಿಗೆ ಅಡ್ಡ ನಿಂತಿದ್ದೆ. ಸಿಟ್ಟು ಬಂತು, ಅವರ ಮೇಲೆ, ನನ್ನ ಮೇಲೆ, ಆ ಪರದೆಯ ಮೇಲೆ. ಮೆಟ್ಟಿಲ ಮೇಲೆ ಹೋಗಿ ಕೂತೆ. ಕೆಳಗೆ ಯಾರೋ ಯಂತ್ರದಿಂದ ಕಾಫಿ ಹಿಡಿದುಕೊಂಡು ಹೋಗುತ್ತಿದ್ದರು, ಆ ಸೀದ ವಾಸನೆ ಮೇಲಕ್ಕೆ ಬಂತು. ನೀನಿದ್ದರೆ ಮೂಗು ಮುಚ್ಚಿಕೊಂಡು "ಯಾರೋ ಅವಸರದವನು ಹುರಿದಿದಾನೆ" ಅನ್ನುತ್ತಿದ್ದೆ. ಆಗ ನೆನಪಾಯಿತು ನೋಡು. ನನಗೆ ಒಂಬತ್ತು ವರ್ಷ, ಹುರಿಯುವ ಡ್ರಮ್ಮಿನ ಮುಂದೆ ನೀನು ಸ್ಟೂಲು ಹಾಕಿ ನನ್ನನ್ನು ನಿಲ್ಲಿಸುತ್ತಿದ್ದೆ. ಹಸಿರು ಬೀಜ ಹಳದಿಯಾಗಿ, ಹುಲ್ಲಿನ ವಾಸನೆ ಹೋಗಿ, ಕಂದಾಗಿ, ಚಟಪಟ ಎಂದು ಮೊದಲ ಸಿಡಿತ ಮುಗಿಯುತ್ತಿತ್ತು. ಆಮೇಲೆ ಒಂದು ಮೌನ. ಏನೂ ಆಗುತ್ತಿಲ್ಲ, ಎಲ್ಲ ಸತ್ತುಹೋಗಿದೆ ಎನ್ನಿಸುವ ಮೌನ. ನಾನು ಬೀಜ ಹೊರಗೆ ಸುರಿಯುವ ಹಿಡಿ ಎಳೆಯಲು ಕೈ ಚಾಚುತ್ತಿದ್ದೆ. ನೀನು ತಿರುಗಿಯೂ ನೋಡದೆ "ಕೈ ಹಿಂದೆ" ಅನ್ನುತ್ತಿದ್ದೆ. ನಿನ್ನ ಕೈಗಳೂ ಹಿಂದೆಯೇ, ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿರುತ್ತಿತ್ತು. "ಒಳಗೆ ಕೆಲಸ ನಡೀತಿದೆ. ಅದಕ್ಕೇ ಸದ್ದಿಲ್ಲ." ಒಂದು ದಿನ ನೀನು ಗಿರಾಕಿಯ ಜೊತೆ ಮಾತಾಡುತ್ತಿದ್ದಾಗ ನಾನು ಎಳೆದೇಬಿಟ್ಟೆ, ಆ ವಾರವೆಲ್ಲ ಪೋಸ್ಟ್‌ಮಾಸ್ಟರ್ ಹುಳಿ ಕಾಫಿ ಕುಡಿದರು, ಪಾಪ, ಅದನ್ನೂ ಮೂರು ಗಂಟೆ ಕುಡಿದರು.

ಎದ್ದು ಒಳಗೆ ಹೋದೆ. ಇಪ್ಪತ್ತು ಸಿಸ್ಟರ್ ಪಕ್ಕದಲ್ಲೇ ನಿಂತರು, ಮಾನಿಟರ್ ಹಾಕಿಯೇ ಇತ್ತು. ಮಧ್ಯಾಹ್ನ ಮೂರು ಗಂಟೆ, ಕಿಟಕಿಯ ಬಿಸಿಲು ತೊಟ್ಟಿಲ ಕಾಲಿನವರೆಗೆ ಬಂದಿತ್ತು. ಹಾಲು ಕುಡಿದು ಮಲಗಿದ್ದಳು. ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಇಳಿಯಿತು. ಏಳಲಿಲ್ಲ. ನನ್ನ ಬಲಗೈ ತಾನಾಗಿ ಮುಂದೆ ಹೋಯಿತು ಅಪ್ಪ, ಎಡಗೈಯಿಂದ ಹಿಡಿದು ಹಿಂದಕ್ಕೆ ಎಳೆದುಕೊಂಡೆ, ಉಗುರು ಊರುವಷ್ಟು ಬಿಗಿಯಾಗಿ. ಸಿಸ್ಟರ್ ಎಣಿಸುತ್ತಿದ್ದರು, ಮೆಲ್ಲಗೆ, ತರಕಾರಿ ಎಣಿಸುವ ಹಾಗೆ. ನಾಲ್ಕು. ಐದು. ಆರಕ್ಕೆ ನನಗೆ ಉಸಿರು ಕಟ್ಟಿತು. ತುಟಿ ನೋಡಿದೆ, ಗುಲಾಬಿಯೇ ಇತ್ತು. ಎಂಟು. ಒಂಬತ್ತು. ಜಗತ್ತಿನಲ್ಲಿ ಅಷ್ಟು ಉದ್ದದ ಒಂಬತ್ತು ಇನ್ನೊಂದಿಲ್ಲ. ಹತ್ತು. ಹನ್ನೊಂದು ಅನ್ನುವಷ್ಟರಲ್ಲಿ ಅವಳ ಹುಬ್ಬು ಗಂಟಾಯಿತು, ಯಾರೋ ಸಾಲ ಕೇಳಿದ ಹಾಗೆ ಮುಖ ಹುಳ್ಳಗೆ ಮಾಡಿದಳು, ಮತ್ತೆ ಆ ಪುಟ್ಟ ಹೊಟ್ಟೆ ಉಬ್ಬಿಕೊಂಡು ಎದ್ದಿತು! ತಾನೇ! ಯಾರೂ ಮುಟ್ಟದೆ! ನಾನು ಕೂಗಿಬಿಟ್ಟೆ. ಆ ಕೂಗಿಗೆ ಮಗು ಬೆಚ್ಚಿ ಅಳತೊಡಗಿತು, ಪಕ್ಕದ ತೊಟ್ಟಿಲಿನದೂ ಅತ್ತಿತು. ಇಪ್ಪತ್ತು ಸಿಸ್ಟರ್ "ಈಗ ಇವರಮ್ಮನಿಗೆ ಯಾರಾದ್ರೂ ಅಂಗಾಲು ಉಜ್ಜಿ" ಅಂದರು.

ಆ ಹನ್ನೊಂದು ಎಣಿಕೆಯೊಳಗೆ ಏನು ನಡೆಯಿತು ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಉಸಿರು ನಿಂತಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಹೊರಹೋಗಬೇಕಾದ ಗಾಳಿ ಒಳಗೇ ಉಳಿಯುತ್ತದಲ್ಲ. ಅದು ಮಿದುಳಿನ ಬುಡದ ಜೀವಕೋಶಗಳ ಸುತ್ತಲಿನ ನೀರನ್ನು ಚೂರು ಹುಳಿ ಮಾಡುತ್ತದೆ. ಅಲ್ಲಿ ಕೆಲವು ಕೋಶಗಳಿವೆ, ಅವುಗಳ ಕೆಲಸವೇ ಆ ಹುಳಿಯ ರುಚಿ ನೋಡುವುದು. ನಿನ್ನ ನಾಲಿಗೆಯ ಹಾಗೆ! ಹುಳಿ ಸಾಕಷ್ಟಾಯಿತೆಂದರೆ ಅವು ತಮ್ಮ ರಾಸಾಯನಿಕವನ್ನು ಹೊರಗೆ ಬಿಡುತ್ತವೆ, ಅದು ಪಕ್ಕದ ಉಸಿರಿನ ನರಗಳಿಗೆ ತಾಗುತ್ತದೆ, ಅಲ್ಲಿ ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಚೀಲಗಳು ಸುರಿಯುತ್ತವೆ, ಅಂಗಡಿಯಿಂದ ಅಂಗಡಿಗೆ ಕೂಗು ದಾಟಿ ಹೊಟ್ಟೆ ಏಳುತ್ತದೆ. ತಿಳಿಯಿತೇ ಅಪ್ಪ? ಉಸಿರನ್ನು ಕರೆಯುವುದು ಆ ನಿಲುಗಡೆಯೇ. ನಾನು ಐದಾರಕ್ಕೇ ಬೆರಳು ಹಾಕಿದಾಗ ಹುಳಿ ಏರುವುದಕ್ಕೇ ಬಿಡುತ್ತಿರಲಿಲ್ಲ, ರುಚಿ ನೋಡುವ ಕೋಶಗಳಿಗೆ ಕೆಲಸವೇ ಕೊಡುತ್ತಿರಲಿಲ್ಲ. ಮೂರು ವರ್ಷ ಪಾಠ ಹೇಳಿದವಳಿಗೆ ಇದು ಗೊತ್ತಿರಲಿಲ್ಲವೇ ಎಂದು ಕೇಳಬೇಡ. ಪುಸ್ತಕದ ಉಸಿರಿಗೆ ಮುಖ ಇರುವುದಿಲ್ಲ.

ಅವತ್ತಿನಿಂದ ಇವತ್ತಿಗೆ ಹಲಗೆಯ ಮೇಲೆ ಆರು. ಆರು, ಅಪ್ಪ! ಇದನ್ನು ಬರೆಯುವ ಮುಂಚೆ ಎರಡು ಸಲ ಹೋಗಿ ನೋಡಿಕೊಂಡು ಬಂದೆ. ಆರು ದಿನದಲ್ಲಿ ಸುಮಾರು ಸಲ ನಿಲ್ಲಿಸಿದ್ದಾಳೆ, ಏಳಕ್ಕೆ, ಎಂಟಕ್ಕೆ, ಒಮ್ಮೆ ಹನ್ನೆರಡಕ್ಕೆ, ಪ್ರತಿ ಸಲವೂ ತಾನೇ ಎತ್ತಿಕೊಂಡಿದ್ದಾಳೆ. ನಾಳೆ ಬೆಳಗ್ಗೆ ಏಳು ಬರೆದರೆ ಮುಗಿಯಿತು. ನನ್ನ ಮಣಿಕಟ್ಟಿನ ಮೇಲೆ ಉಗುರಿನ ಗೆರೆಗಳಿವೆ, ಬಳೆ ತೊಟ್ಟ ಹಾಗೆ.

ದೊಡ್ಡಪ್ಪನಿಗೂ ದೊಡ್ಡಮ್ಮನಿಗೂ ನನ್ನ ನಮಸ್ಕಾರ ಹೇಳು. ದೊಡ್ಡಪ್ಪನಿಗೆ ಇನ್ನಾದರೂ ಒಂದು ಹೊಸ ಸುಳ್ಳು ಕಲಿಸು. ಇವರೂ ಅತ್ತೆಯೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಅತ್ತೆ ಇನ್ನೂ ಆ ಸಕ್ಕರೆಯ ವಿಷಯ ಬಿಟ್ಟಿಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಬಿಸಿನೀರಿನಲ್ಲೇ ಬದುಕಬೇಡ, ಹೊಟ್ಟೆ ತುಂಬ ಉಣ್ಣು.

ನಿನ್ನ ಕಾಲು ಮುಟ್ಟಿ,
ಒಬ್ಬಳೇ ಮಗಳು, ಪೀಬೆರಿಯ ಅಮ್ಮ

ತಾ.ಕ.: ಶುಕ್ರವಾರ, ಬೆಳಗ್ಗೆ ಒಂಬತ್ತು. ಏಳು!! ಇಪ್ಪತ್ತು ಸಿಸ್ಟರ್ ತಾವೇ ಬರೆದರು, ಕೆಳಗೆ ಎರಡು ಗೆರೆ ಎಳೆದರು. ಡಾಕ್ಟರಮ್ಮ ಸಹಿ ಹಾಕಿದರು. ಕಿವಿ, ಕಣ್ಣಿನ ಪರೀಕ್ಷೆ ಮುಗಿಸಿ ಸೋಮವಾರ ಹತ್ತು ಗಂಟೆಗೆ ಮನೆಗೆ ಕಳಿಸುತ್ತಾರೆ. ಹತ್ತರ ಬಸ್ಸಿನ ಕಂಡಕ್ಟರ್ ದೊಡ್ಡಪ್ಪನ ಮನೆ ಬಲ್ಲವರಂತೆ, ಇವರು ಡಿಪೋಗೆ ಹೊರಟು ಬಾಗಿಲಲ್ಲೇ ನಿಂತಿದ್ದಾರೆ, ಇದನ್ನು ಆ ಕಂಡಕ್ಟರಿಗೆ ಕೊಡಲು ಇವರ ಕೈಯಲ್ಲಿ ಕಳಿಸುತ್ತೇನೆ, ಅದಕ್ಕೇ ಈ ಗೀಚು. ವಿಷಯ ಇಷ್ಟು. ಮನೆಯಲ್ಲಿ ಮಾನಿಟರ್ ಇರುವುದಿಲ್ಲ. ಇನ್ನೂ ಕೆಲವು ವಾರ ಹೀಗೆ ಸ್ವಲ್ಪ ಸ್ವಲ್ಪ ನಿಲ್ಲಿಸುತ್ತಾಳಂತೆ, ಹೆದರಬಾರದಂತೆ, ಎಣಿಸಬೇಕಂತೆ. ನಾನು ಎಣಿಸಿದರೆ ಆರಕ್ಕೆ ಕೈ ಮುಂದೆ ಹೋಗುತ್ತದೆ. ಇವರು ಎರಡಕ್ಕೇ ಓಡುತ್ತಾರೆ. ಅತ್ತೆ ಎಣಿಸುವುದೇ ಇಲ್ಲ, ಕೂಗುತ್ತಾರೆ. ತೊಟ್ಟಿಲ ಪಕ್ಕ ಕೈ ಹಿಂದೆ ಕಟ್ಟಿಕೊಂಡು ಇಪ್ಪತ್ತರವರೆಗೆ ನಿಲ್ಲಬಲ್ಲ ಮನುಷ್ಯ ನನಗೆ ಗೊತ್ತಿರುವುದು ಒಬ್ಬನೇ. ಸೋಮವಾರ ಹತ್ತಕ್ಕೆ ಆಸ್ಪತ್ರೆಯ ಬಾಗಿಲಿಗೆ ಬಾ. ಅಂಗಡಿಯ ಬೀಗದ ಕೈಯನ್ನೂ ತಾ. ನೀನು ಮಾತು ನಿಲ್ಲಿಸಿದಾಗಿನಿಂದ ನಾನೂ ಎಣಿಸುತ್ತಲೇ ಇದ್ದೆ ಅಪ್ಪ, ನೀನಾಗಿ ಶುರುಮಾಡುತ್ತೀಯ ಎಂದು, ಆ ಫೋನುಗಳನ್ನು ಬಿಟ್ಟರೆ ಕೈ ಹಿಂದೆ ಕಟ್ಟಿಕೊಂಡೇ. ಮೂವತ್ತೇಳು ದಿನವಾಯಿತು. ಇಪ್ಪತ್ತು ದಾಟಿದರೆ ಮುಟ್ಟಲೇಬೇಕು, ಅದು ಇಲ್ಲಿನ ನಿಯಮ.